ನೀರುಗುಳ್ಳೆ

ಫೆಬ್ರವರಿ ೩, ಸೋಮವಾರ

ಇವತ್ತು ಆಸ್ಪತ್ರೆಯಲ್ಲಿ ಒಂದು ಕುರ್ಚಿ ಮುರಿದೆ. ಬೇಕೆಂದೇ ಮುರಿದದ್ದು. ಬೆಳಗ್ಗೆ ಎಂಟಕ್ಕೆ ಹೋಗಿ ಕೂತವರನ್ನು ಹನ್ನೆರಡರವರೆಗೆ ಕಾಯಿಸಿ, ಆಮೇಲೆ ಕಿಟಕಿಯವನು ಸ್ಕ್ಯಾನ್ ಫಿಲಂ ಎಲ್ಲೋ ಸೇರಿಕೊಂಡಿದೆ, ಸಂಜೆ ಬನ್ನಿ ಅಂದರೆ ಮೈ ಉರಿಯದೆ ಇರುತ್ತದೆಯೇ? ಕುರ್ಚಿ ಎತ್ತಿ ನೆಲಕ್ಕೆ ಅಪ್ಪಳಿಸಿದೆ. ಎರಡು ಕಾಲು ತುಂಡಾದವು. ಐದೇ ನಿಮಿಷದಲ್ಲಿ ಫಿಲಂ ಸಿಕ್ಕಿತು. ಬಾಯಿಯಲ್ಲಿ ಆಗದ ಕೆಲಸ ಕೈಯಲ್ಲಿ ಆಗುತ್ತದೆಂದು ನಾನು ಹೇಳಿದರೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ.

ಸರ್ಜನ್ ಅಂದರೆ ಆಳುದ್ದದ ಗಂಡಸಿರಬೇಕೆಂದುಕೊಂಡಿದ್ದೆ. ನನ್ನ ಎದೆಮಟ್ಟ ಬರುವ ಹೆಂಗಸು. ಕುರ್ಚಿಯನ್ನೂ ನನ್ನನ್ನೂ ಒಂದು ಸಲ ನೋಡಿ, ಫಿಲಂ ಅನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ನನ್ನ ಹೆಂಡತಿಯ ಹೊಟ್ಟೆ. ಇಪ್ಪತ್ತಾರು ವರ್ಷದಿಂದ ಹೊಟ್ಟೆ ಸೀಳುವುದೇ ನನ್ನ ಕಸುಬು. ಒಳಗೆ ಯಾವುದು ಎಲ್ಲಿರಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಕಂಡದ್ದು ದುಂಡಗೆ ದುಂಡಗೆ, ದ್ರಾಕ್ಷಿಯಷ್ಟು ಕೆಲವು, ನಿಂಬೆಯಷ್ಟು ಕೆಲವು, ಒಂದಂತೂ ತೆಂಗಿನಕಾಯಿಯಷ್ಟು. ಡಾಕ್ಟರು ಬಾಯಿ ತೆರೆಯುವ ಮೊದಲೇ ‘ನೀರುಗುಳ್ಳೆ’ ಅಂದೆ. ಕುರಿಗಳ ಈಲಿಯಲ್ಲಿ ದಿನಾ ನೋಡುತ್ತೇನೆ. ಈಲಿ ಅಂದರೆ ಇವರು ಲಿವರ್ ಅನ್ನುತ್ತಾರಲ್ಲ, ಅದು.

ಹೌದು, ಅದೇ ಅಂದರು. ಒಳಗಿರುವುದು ಹುಳದ ಮರಿಗಳು. ಆದರೆ ಇರುವ ಜಾಗ ಸರಿಯಿಲ್ಲ. ಸಾಮಾನ್ಯವಾಗಿ ಈಲಿಯಲ್ಲೋ ಶ್ವಾಸಕೋಶದಲ್ಲೋ ಇರಬೇಕಾದವು. ಇವಳಿಗೆ ಈಲಿಯಲ್ಲಿ ಹಳೆಯದೊಂದು ಬತ್ತಿ ಮುದುಡಿ ಕೂತಿದೆ. ಮಿಕ್ಕವೆಲ್ಲ ಕರುಳಿನ ಮೇಲಿನ ಕೊಬ್ಬಿನ ಪರದೆಯಲ್ಲಿ, ಗುಲ್ಮದ ಕೆಳಗೆ, ಗರ್ಭಕೋಶದ ಹಿಂದೆ, ಮೂತ್ರಕೋಶಕ್ಕೆ ಒತ್ತಿಕೊಂಡು. ಇಪ್ಪತ್ತಮೂರರವರೆಗೆ ಎಣಿಸಿ ಬಿಟ್ಟರು. ಮೊದಲನೆಯದು ಯಾವಾಗಲೋ ಒಡೆದು, ಒಳಗಿನದೆಲ್ಲ ಹೊಟ್ಟೆಯ ತುಂಬ ಚೆಲ್ಲಿ, ಬಿದ್ದಲ್ಲೆಲ್ಲ ಬೆಳೆದಿದೆಯಂತೆ.

‘ಹೊಟ್ಟೆಗೆ ಯಾವಾಗ್ಲಾದ್ರೂ ಜೋರಾಗಿ ಪೆಟ್ಟು ಬಿದ್ದಿತ್ತಾ ಅಮ್ಮ?’

ಇವಳು ನೆಲ ನೋಡುತ್ತ, ಬಚ್ಚಲ ತೊಟ್ಟಿಯ ಮೇಲೆ ಬಿದ್ದಿದ್ದೆ, ಎಂಟು ವರ್ಷ ಆಯ್ತು ಅಂದಳು. ಆಮೇಲೆ ಮೈ ಕಡಿತ, ದದ್ದು, ಉಸಿರು ಕಟ್ಟುವುದು, ಎಚ್ಚರ ತಪ್ಪುವುದು ಏನಾದರೂ ಆಯಿತೇ ಎಂದು ಕೇಳಿದರು. ಏನೂ ಆಗಲಿಲ್ಲ ಅಂದಳು. ಡಾಕ್ಟರು ನನ್ನ ಕಡೆ ತಿರುಗಿದರು. ಏನೂ ಆಗಲಿಲ್ಲ ಅಂದೆ ನಾನೂ.

ಹುಳದ ಮಾತ್ರೆ ಇಪ್ಪತ್ತೆಂಟು ದಿನ, ಆಮೇಲೆ ಆಪರೇಷನ್. ಅಲ್ಲಿಯವರೆಗೆ ಹೊಟ್ಟೆಗೆ ಒಂದು ಸಣ್ಣ ಗುದ್ದೂ ಬೀಳಬಾರದು. ಒಡೆದರೆ ಕೆಲವೇ ನಿಮಿಷದಲ್ಲಿ ಜೀವ ಹೋಗಬಹುದು. ಮಾತ್ರೆ ಗುರುತು ಹಾಕಲು ನರ್ಸ್ ಒಂದು ಚಾರ್ಟ್ ಕೊಟ್ಟಳು. ಮಿಕ್ಕದ್ದನ್ನು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ತಲೆ ಬಿಸಿಯಾದಾಗ ಗೋಡೆ ಗುದ್ದುವುದಕ್ಕಿಂತ ಇದು ವಾಸಿ, ಗೋಡೆಯೂ ಉಳಿಯುತ್ತದೆ.

ಫೆಬ್ರವರಿ ೫, ಬುಧವಾರ

ಕಸಾಯಿಖಾನೆಯಲ್ಲಿ ಇಂದು ಕೊಕ್ಕೆಯ ಸಾಲು ಖಾಲಿಯಾಗಲೇ ಇಲ್ಲ. ಸೀಳುವುದು, ಕರುಳಿನ ಗಂಟನ್ನು ಒಂದೇ ಎಳೆತಕ್ಕೆ ಹೊರಗೆ ತೆಗೆಯುವುದು, ಈಲಿ ಬಿಡಿಸಿ ತಟ್ಟೆಗೆ ಹಾಕುವುದು. ಕೈ ತನ್ನ ಪಾಡಿಗೆ ಮಾಡುತ್ತಿತ್ತು, ತಲೆ ಬೇರೆ ಕಡೆ ಇತ್ತು.

ನಿಯಮ ಇಲ್ಲಿನ ಗೋಡೆಯ ಮೇಲೆಯೇ ಬರೆದಿದೆ. ಗುಳ್ಳೆಯಿರುವ ಈಲಿಯನ್ನು ಗುಂಡಿಗೆ ಹಾಕಿ ಸುಣ್ಣ ಸುರಿಯಬೇಕು. ಯಾರೂ ಹಾಗೆ ಮಾಡುವುದಿಲ್ಲ. ಗುಂಡಿ ದೂರ, ಗೋಡೆ ಹತ್ತಿರ, ಗೋಡೆಯಾಚೆ ನಾಯಿಗಳು. ನಾನು ಎಸೆಯುತ್ತಿರಲಿಲ್ಲ, ಚೀಲದಲ್ಲಿ ಮನೆಗೆ ಒಯ್ಯುತ್ತಿದ್ದೆ, ನಮ್ಮ ಸಾಹುಕಾರನಿಗೆ. ಸಾಹುಕಾರ ನಮ್ಮ ನಾಯಿ. ದಿನಾ ಈಲಿ ತಿಂದು ಮೈ ಮಿರಿಮಿರಿ ಮಿಂಚುವುದಕ್ಕೆ ಆ ಹೆಸರು. ಇವನ ತಾಯಿಯನ್ನೂ ಹಾಗೆಯೇ ಸಾಕಿದ್ದೆ. ಗುಳ್ಳೆಯೊಳಗೆ ತಿಳಿನೀರಿರುತ್ತದೆ, ಬಾವಿಯ ನೀರಿಗಿಂತ ತಿಳಿ. ಅದರಲ್ಲಿ ಏನು ಕೆಟ್ಟದ್ದಿರಲು ಸಾಧ್ಯವೆಂದು ನಾನೇ ಎಲ್ಲರಿಗೂ ಹೇಳಿಕೊಂಡು ಬಂದವನು.

ನಾಯಿ ಗುಳ್ಳೆ ತಿಂದರೆ ಅದರ ಕರುಳಿನಲ್ಲಿ ಹುಳ, ಹುಳದ ಮೊಟ್ಟೆ ಅದರ ಹೇಲಿನಲ್ಲಿ, ಅಲ್ಲಿಂದ ಕೂದಲಿಗೆ, ಕೂದಲಿಂದ ಕೈಗೆ, ಕೈಯಿಂದ ಬಾಯಿಗೆ. ಸರ್ಜನ್ ಹೀಗೆ ಬಿಡಿಸಿ ಹೇಳಿದರು. ನಾಯಿಗೆ ಈಲಿ ಹಾಕುತ್ತಿದ್ದವನು ನಾನು. ಹೇಲು ಬಳಿಯುತ್ತಿದ್ದವಳು, ಮೈ ತೊಳೆಯುತ್ತಿದ್ದವಳು ಇವಳು. ನನಗೂ ಮಗಳಿಗೂ ಸ್ಕ್ಯಾನ್ ಮಾಡಿದ್ದಾರೆ, ಏನೂ ಇಲ್ಲ.

ಭಾಮೈದನೂ ನಮ್ಮ ಕಸಾಯಿಖಾನೆಯಲ್ಲೇ ಇದ್ದಾನೆ, ಚರ್ಮ ಸುಲಿಯುವ ಸಾಲಿನಲ್ಲಿ. ನಾಲ್ಕು ವರ್ಷದ ಹಿಂದೆ ಅವನೇ ತಪಾಸಣೆಯ ಡಾಕ್ಟರಿಗೆ ನನ್ನ ಚೀಲದ ವಿಷಯ ಹೇಳಿಕೊಟ್ಟಿದ್ದ. ಅಂದು ಎಲ್ಲರೆದುರು ಅವನ ಎರಡು ಹಲ್ಲು ಉದುರಿಸಿದ್ದೆ. ಅಲ್ಲಿಂದ ಅವನು ನಮ್ಮ ಮನೆಯ ಹೊಸ್ತಿಲು ತುಳಿದಿಲ್ಲ. ಇವತ್ತು ಬಟ್ಟೆ ಬದಲಿಸುವ ಕೋಣೆಯಲ್ಲಿ ಎದುರಾಗಿ, ‘ಅಕ್ಕ ಹೇಗಿದ್ದಾಳೆ ಭಾವ?’ ಅಂದ. ಹಲ್ಲು ಹೋದ ಸಂದಿಯಿಂದ ಗಾಳಿ ಹೊರಟು ಮಾತು ಸೀಟಿ ಹೊಡೆದ ಹಾಗೆ ಕೇಳುತ್ತದೆ. ನಗು ಬರಬೇಕಿತ್ತು, ಬರಲಿಲ್ಲ.

ಫೆಬ್ರವರಿ ೯, ಭಾನುವಾರ

ಸಾಹುಕಾರನನ್ನು ಮುಗಿಸಿದೆ.

ನಾಯಿಗೂ ಹುಳದ ಮಾತ್ರೆ ಹಾಕಿ, ಹಸಿ ಈಲಿ ಕೊಡಬೇಡಿ, ಅಷ್ಟು ಸಾಕು ಎಂದು ಸರ್ಜನ್ ಹೇಳಿದ್ದರು. ಅದು ಅವರಿಗೆ ಸಾಕು. ನನಗೆ ಆರು ದಿನದಿಂದ ಆ ನಾಯಿಯ ಮುಖ ನೋಡಿದರೆ ಒಳಗೆ ಕುದಿಯುತ್ತಿತ್ತು. ಕೆಲಸದ ಸುತ್ತಿಗೆ ತಂದು ಹಿತ್ತಲಿಗೆ ಹೋದೆ. ಚೀಲ ತಂದಿದ್ದೇನೆಂದುಕೊಂಡು ಬಾಲ ಬಡಿಯುತ್ತ ಬಂದು ಮೊಣಕಾಲಿಗೆ ತಲೆ ಉಜ್ಜಿತು. ಕಸಾಯಿಖಾನೆಯಲ್ಲಿ ಒಂದೇ ಏಟಿಗೆ ಕೆಡವುವವನು ನಾನು, ಅದಕ್ಕೇ ಎಲ್ಲರೂ ನನ್ನನ್ನು ಗೂಳಿ ಅನ್ನುವುದು. ಇಂದು ಮೊದಲ ಏಟು ಜಾರಿತು. ಅದು ಕೂಗಿಕೊಂಡು ತೊಟ್ಟಿಯ ಹಿಂದೆ ನುಗ್ಗಿತು. ಕಾಲು ಹಿಡಿದು ಎಳೆದು ಹೊಡೆಯಬೇಕಾಯಿತು. ನಾಲ್ಕು ಏಟು.

ಗುಂಡಿ ತೋಡಿ ಸುಣ್ಣ ಸುರಿದು ಮುಚ್ಚಿದೆ. ಕೈ ತೊಳೆದು ಒಳಗೆ ಬಂದರೆ ಇವಳು ಕಿಟಕಿಯ ಹತ್ತಿರ ನಿಂತಿದ್ದಳು. ಅಳುತ್ತಿದ್ದಳು. ಹೊಟ್ಟೆಯಲ್ಲಿ ಗುಳ್ಳೆಯಿದೆ ಎಂದಾಗ ಒಂದು ಹನಿ ಉದುರಿಸದವಳು.

‘ಅದೇನು ಮಾಡಿತ್ತು? ಕೊಟ್ಟದ್ದನ್ನ ತಿಂದಿತ್ತು’ ಅಂದಳು.

ನಿನಗೋಸ್ಕರವೇ ಮಾಡಿದ್ದು ಎಂದು ಕಿರುಚಿದೆ. ಅವಳು ಹೋಗಿ ಮಲಗಿದಳು. ಮಾತ್ರೆ ಎರಡು ಹೊತ್ತೂ ತೆಗೆದುಕೊಂಡಿದ್ದಾಳೆ. ಚಾರ್ಟಿನಲ್ಲಿ ಗುರುತು ಹಾಕಿದ್ದೇನೆ.

ಫೆಬ್ರವರಿ ೧೨, ಬುಧವಾರ

ಮಗಳು ಮೂರು ದಿನದಿಂದ ಮಾತಾಡಿಲ್ಲ. ಹದಿನಾಲ್ಕು ವರ್ಷಕ್ಕೇ ಇಷ್ಟು ಬಿಗುಮಾನ. ಬಟ್ಟಲು ಇಡುವಾಗ ಟಣ್ ಎಂದು ಇಡುತ್ತಾಳೆ. ಮೊದಲಾಗಿದ್ದರೆ ಬೆನ್ನಿಗೆ ಒಂದು ಬೀಳುತ್ತಿತ್ತು.

ಫೆಬ್ರವರಿ ೧೯, ಬುಧವಾರ

ಕೆಲಸದಲ್ಲಿ ಜಗಳ. ಇದು ಹೇಗಾಯಿತೆಂದು ಸರಿಯಾಗಿ ಬರೆದಿಡುತ್ತೇನೆ, ನಾಳೆ ಮೇಲ್ವಿಚಾರಕ ಕೇಳಿದರೆ ಬೇಕಾಗುತ್ತದೆ.

ನಮ್ಮಲ್ಲಿ ಒಂದು ಆಟವಿದೆ. ದೊಡ್ಡ ಗುಳ್ಳೆ ಸಿಕ್ಕಿದರೆ ಬಿಡಿಸಿ ನೆಲದ ಮೇಲಿಟ್ಟು ಬೂಟಿನಿಂದ ಒದ್ದು ಒಡೆಯುವುದು. ಯಾರ ನೀರು ಹೆಚ್ಚು ದೂರ ಚಿಮ್ಮುತ್ತದೋ ಅವನು ಗೆದ್ದ. ಆಟ ಕಂಡುಹಿಡಿದವನು ನಾನೇ, ಬಾಗಿಲವರೆಗೆ ಚಿಮ್ಮಿಸಿದವನೂ ನಾನೊಬ್ಬನೇ. ಇಂದು ಕರುಳು ತೊಳೆಯುವ ಬೊಕ್ಕತಲೆಯವನು ಕಿತ್ತಳೆಯಷ್ಟು ದೊಡ್ಡದನ್ನು ತಂದು ನನ್ನ ಮುಂದೆಯೇ ಇಟ್ಟ. ‘ಗೂಳಿ, ನೀನೇ ಒದಿ, ನಿನ್ನ ಕಾಲಿಗೆ ಸರಿಸಾಟಿ ಇಲ್ಲ’ ಅಂದ. ಎಲ್ಲರೂ ಸುತ್ತ ನಿಂತು ಚಪ್ಪಾಳೆ ಹೊಡೆದರು. ನಾನು ಒದೆಯಲಿಲ್ಲ. ಸರಿ ಹಾಗಾದರೆ ಎಂದು ಅವನೇ ಕಾಲೆತ್ತಿ ತುಳಿದ. ಟಪ್ ಎಂದು ಒಡೆಯಿತು.

ಆಮೇಲೆ ಅವನು ನೆಲದಲ್ಲಿದ್ದ, ನಾನು ಅವನ ಎದೆಯ ಮೇಲಿದ್ದೆ. ಮೂಗು ಮುರಿದು ಒಂದು ಕಡೆ ವಾಲಿತ್ತು. ನಾಲ್ಕು ಜನ ಸೇರಿ ನನ್ನನ್ನು ಎಳೆದರು, ಅವರಲ್ಲಿ ಭಾಮೈದನೂ ಒಬ್ಬ. ಏನಾಯ್ತೋ ನಿನಗೆ ಎಂದು ಎಲ್ಲರೂ ಕೇಳಿದರು. ಪ್ಯಾಂಟಿಗೆ ನೀರು ಸಿಡಿಯಿತು ಅಂದೆ. ಅದೇ ಕಾರಣ. ರಕ್ತದಲ್ಲೇ ನಿಂತು ಕೆಲಸ ಮಾಡುವವನಿಗೆ ಒಂದು ಹನಿ ನೀರು ಸಿಡಿದರೆ ಏನು ಎಂದು ಭಾಮೈದ ಕೇಳಿದ. ನಾನು ಬೂಟು ತೊಳೆಯಲು ನಲ್ಲಿಯ ಹತ್ತಿರ ಹೋದೆ.

ಫೆಬ್ರವರಿ ೨೭, ಗುರುವಾರ

ಒಂದು ವಾರ ಕೆಲಸದಿಂದ ಹೊರಗಿಟ್ಟಿದ್ದಾರೆ. ಮನೆಯಲ್ಲಿ ಕೂತು ಕೂತು ತಲೆ ಕೆಟ್ಟಿದೆ. ಗಂಡಸು ಹಗಲು ಹೊತ್ತು ಮನೆಯಲ್ಲಿದ್ದರೆ ಗೋಡೆಗಳು ಹತ್ತಿರ ಸರಿಯುತ್ತವೆ.

ಮಧ್ಯಾಹ್ನ ಇವಳು ತುಂಬಿದ ನೀರಿನ ಕೊಡ ಎತ್ತುತ್ತಿದ್ದಳು. ಭಾರ ಎತ್ತಬೇಡ ಎಂದು ಎಷ್ಟು ಸಲ ಹೇಳಿದ್ದೇನೆ. ಕೊಡ ಕಸಿದುಕೊಂಡೆ, ನೀರು ಚೆಲ್ಲಿತು, ನಾನು ಜಾರಿದೆ, ಅವಳ ತುಟಿಯಲ್ಲಿ ನಗು ಕಂಡ ಹಾಗಾಯಿತು. ನಗು ಇತ್ತೋ ಇಲ್ಲವೋ ಈಗ ಗೊತ್ತಿಲ್ಲ. ಕೈ ಮೇಲೆ ಹೋಯಿತು. ಹೊಡೆಯಲಿಲ್ಲ. ಮೇಲೆ ಹೋಯಿತು, ಅಷ್ಟೇ.

ಮಗಳು ಎಲ್ಲಿದ್ದಳೋ, ಓಡಿ ಬಂದಳು. ಬೇರೆ ಮಕ್ಕಳಾದರೆ ಅಪ್ಪನ ಕೈ ಹಿಡಿಯುತ್ತಾರೆ, ಇಲ್ಲವೇ ತಮ್ಮ ಮುಖ ಮುಚ್ಚಿಕೊಳ್ಳುತ್ತಾರೆ. ಇವಳು ನನ್ನ ಕಡೆ ನೋಡಲೂ ಇಲ್ಲ. ಮಂಡಿಯೂರಿ ಅಮ್ಮನ ಹೊಟ್ಟೆಯನ್ನು ಎರಡೂ ತೋಳಿನಿಂದ ತಬ್ಬಿ, ಬೆನ್ನನ್ನು ನನಗೆ ಕೊಟ್ಟು ಕೂತಳು. ಹೊಡೆಯುವುದಾದರೆ ಇಲ್ಲಿ ಹೊಡಿ ಎನ್ನುವ ಹಾಗೆ ಬೆನ್ನು ಬಗ್ಗಿಸಿದ್ದಳು. ಇದನ್ನು ಅವಳು ಎಲ್ಲಿ ಕಲಿತಳು?

ನೆಲ ಒರೆಸಿದೆ. ಪಾತ್ರೆಗಳು ಬಿದ್ದಿದ್ದವು, ಅವನ್ನೂ ತೊಳೆದೆ. ಕೆಲಸವಿಲ್ಲದಿದ್ದರೆ ಕೈ ಸುಮ್ಮನಿರುವುದಿಲ್ಲವಲ್ಲ.

ಮಾರ್ಚ್ ೪, ಮಂಗಳವಾರ

ಆಪರೇಷನ್ನಿಗೆ ಮೊದಲು ಅರಿವಳಿಕೆ ಡಾಕ್ಟರು ನೋಡಬೇಕೆಂದು ಕರೆಸಿದ್ದರು. ಉದ್ದ ಮುಖದ, ನಿಧಾನವಾಗಿ ಮಾತಾಡುವ ಮನುಷ್ಯ. ಅವರೂ ಅದೇ ಪ್ರಶ್ನೆ. ಪೆಟ್ಟು ಬಿದ್ದ ದಿನ ಏನಾಯಿತು? ತೊಟ್ಟಿಯ ಮೇಲೆ ಬಿದ್ದೆ, ಏನೂ ಆಗಲಿಲ್ಲ ಅಂದಳು ಇವಳು, ಪಾಠ ಒಪ್ಪಿಸುವ ಹಾಗೆ.

ಅವರು ಪೆನ್ನು ಕೆಳಗಿಟ್ಟು ಹೇಳಿದರು. ಗುಳ್ಳೆಯ ನೀರು ಒಂದು ಸಲ ಮೈಗೆ ಸೇರಿದ್ದರೆ ಮೈ ಅದನ್ನು ಮರೆಯುವುದಿಲ್ಲ. ಎರಡನೆಯ ಸಲ ಸೋಕಿದರೆ ಹುಚ್ಚೆದ್ದು ಎದುರು ಬೀಳುತ್ತದೆ, ಗಂಟಲು ಊದುತ್ತದೆ, ರಕ್ತದ ಒತ್ತಡ ಪಾತಾಳಕ್ಕೆ ಇಳಿಯುತ್ತದೆ. ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಎಷ್ಟು ಜೋಪಾನವಾಗಿ ತೆಗೆದರೂ ಇಪ್ಪತ್ತಮೂರರಲ್ಲಿ ಒಂದಾದರೂ ಒಡೆಯುವ ಸಂಭವ ಉಂಟು.

‘ಮೊದಲನೇ ಸಲ ಎಷ್ಟು ಕೆಟ್ಟದಾಗಿತ್ತು ಅಂತ ಗೊತ್ತಿದ್ರೆ ನಾವು ಅಷ್ಟಕ್ಕೆ ತಯಾರಾಗಿರ್ತೀವಿ. ಗೊತ್ತಿಲ್ದೆ ಇದ್ರೆ ಟೇಬಲ್ ಮೇಲೇ ಕೈಬಿಟ್ಟು ಹೋಗಬಹುದು. ಇನ್ನೊಂದ್ಸಲ ಕೇಳ್ತೀನಿ. ಏನಾದ್ರೂ ಆಗಿತ್ತಾ?’

ಇವಳು ಇಲ್ಲವೆಂದು ತಲೆಯಾಡಿಸಿದಳು. ನಾನು ಗೋಡೆಯ ಮೇಲಿದ್ದ ಹೃದಯದ ಚಿತ್ರ ನೋಡುತ್ತಿದ್ದೆ. ಕುರಿಯದಕ್ಕಿಂತ ತುಸು ದೊಡ್ಡದು, ಬೇರೆ ವ್ಯತ್ಯಾಸವಿಲ್ಲ.

ಮಾರ್ಚ್ ೮, ಶನಿವಾರ

ಇವಳು ಹಣಿಗೆ ಹಿಡಿದು ಕೂತಿದ್ದಳು. ಕೈ ಎತ್ತಲು ನೋವು, ಅದಕ್ಕೆ ತಲೆಯ ಹಿಂದಿನ ಸಿಕ್ಕನ್ನು ನಾನೇ ಬಿಡಿಸಿದೆ. ಹೇಳಿಬಿಡಲೇ ಎಂದು ಕೇಳಿದೆ. ಯಾವುದನ್ನ ಅಂದಳು. ಬಿದ್ದದ್ದನ್ನ ಅಂದೆ. ಬಿದ್ದದ್ದನ್ನು ನಾನೇ ಹೇಳಿದ್ದೇನಲ್ಲ ಅಂದಳು.

ಕೂದಲಿನ ತುದಿಯನ್ನು ಮುಂದಕ್ಕೆ ಎಳೆದುಕೊಂಡು, ‘ಅವರು ಪೊಲೀಸ್ ಕರೀತಾರೆ. ನಾನು ಮಲಗಿರ್ತೀನಿ, ನೀವು ಒಳಗಿರ್ತೀರಿ. ಮಗು ಯಾರ ಹತ್ರ ಇರ್ಬೇಕು?’ ಅಂದಳು.

ಎಂಟು ವರ್ಷ ಅವಳು ಸುಮ್ಮನಿದ್ದದ್ದು ನನ್ನ ಹೆದರಿಕೆಗೆ ಎಂದುಕೊಂಡು ಒಳಗೊಳಗೇ ಮೀಸೆ ತಿರುವುತ್ತಿದ್ದೆ. ಲೆಕ್ಕ ಹಾಕಿಕೊಂಡು ಸುಮ್ಮನಿದ್ದಳು. ಹಣಿಗೆಯ ಎರಡು ಹಲ್ಲು ನನ್ನ ಕೈಯಲ್ಲಿ ಮುರಿದವು.

ಮಾರ್ಚ್ ೧೦, ಸೋಮವಾರ

ಬೆಳಗ್ಗೆ ಏಳೂವರೆಗೆ ಅವಳನ್ನು ಗಾಲಿ ಮಂಚದಲ್ಲಿ ತಳ್ಳಿಕೊಂಡು ಹೊರಟರು. ಹಸಿರು ಟೋಪಿಯಲ್ಲಿ ಅವಳ ಮುಖ ಚಿಕ್ಕದಾಗಿ ಕಂಡಿತು. ಒಂದು ಕಡೆ ಮಗಳು, ಇನ್ನೊಂದು ಕಡೆ ಭಾಮೈದ. ನಾನು ಹಿಂದೆ. ದೊಡ್ಡ ಬಾಗಿಲು ಬಂತು. ಸರ್ಜನ್ ಮಾಸ್ಕ್ ಕಟ್ಟಿಕೊಳ್ಳುತ್ತ ಒಳಗೆ ಹೊರಟಿದ್ದರು. ಮಂಚ ಒಳಗೆ ಹೋಯಿತು, ಬಾಗಿಲು ಅರ್ಧ ಮುಚ್ಚಿತು.

ಬಾಗಿಲಿಗೆ ಕಾಲು ಕೊಟ್ಟೆ. ಗೂಳಿಯಂತೆ ನುಗ್ಗಿದೆನೆಂದು ಸೆಕ್ಯೂರಿಟಿಯವರಿಬ್ಬರು ತೋಳು ಹಿಡಿದರು. ಹಿಡಿದುಕೊಳ್ಳಲಿ ಎಂದು ಬಿಟ್ಟೆ.

‘ಅವಳು ಬೀಳಲಿಲ್ಲ ಡಾಕ್ಟ್ರೇ. ನಾನು ಒದ್ದದ್ದು’ ಅಂದೆ.

ಸರ್ಜನ್ ಮಾಸ್ಕ್ ಕೆಳಗೆ ಎಳೆದರು. ಮುಂದಿನದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಬೂಟು ಕಾಲಿನಿಂದ, ಪಕ್ಕೆಲುಬಿನ ಕೆಳಗೆ, ಬಲಗಡೆ. ಹತ್ತು ನಿಮಿಷದಲ್ಲಿ ಮೈಯೆಲ್ಲ ದದ್ದು ಎದ್ದಿತು, ತುಟಿ ಊದಿತು, ಉಸಿರು ಕುಯ್ಯೋ ಎಂದಿತು, ಬಿದ್ದಳು. ಎಷ್ಟು ಹೊತ್ತು ಎಚ್ಚರವಿರಲಿಲ್ಲ ಎಂದು ಕೇಳಿದರು. ಗೊತ್ತಿಲ್ಲ ಅಂದೆ. ‘ನೀವು ಅಲ್ಲೇ ಇದ್ರಲ್ಲ?’ ಅಂದರು. ಗೊತ್ತಿಲ್ಲ ಅಂದೆ. ಅವರು ಒಂದು ಕ್ಷಣ ನನ್ನನ್ನು ನೋಡಿದರು, ಮುರಿದ ಕುರ್ಚಿಯನ್ನು ಅಂದು ನೋಡಿದ ಹಾಗೆ. ಆಮೇಲೆ ಒಳಗೆ ತಿರುಗಿ ಅರಿವಳಿಕೆ ಡಾಕ್ಟರನ್ನು ಕೂಗುತ್ತ ಓಡಿದರು.

ಬಾಗಿಲು ಮುಚ್ಚಿದ ಮೇಲೆ ಭಾಮೈದ ಬಂದ. ಮೊದಲ ಗುದ್ದು ದವಡೆಗೆ, ಎರಡನೆಯದು ಕಣ್ಣಿಗೆ. ಕೆಳಗೆ ಬಿದ್ದ ಮೇಲೆ ಹೊಟ್ಟೆಗೆ ಒದ್ದ, ಬಲಗಡೆ, ಪಕ್ಕೆಲುಬಿನ ಕೆಳಗೆ, ನಾನು ಹೇಳಿದ ಜಾಗಕ್ಕೇ. ಎಷ್ಟು ಸಲ ಎಂದು ಎಣಿಸಲಿಲ್ಲ. ಸೆಕ್ಯೂರಿಟಿಯವರೂ ಬೇಗ ಬಿಡಿಸಲಿಲ್ಲ. ಮಗಳು ಬೆಂಚಿನ ಮೇಲೆ ಕೂತು ನೋಡುತ್ತಿದ್ದಳು. ಅಡ್ಡ ಬರಲಿಲ್ಲ. ನನ್ನ ಕೈ ಏಕೋ ಮೇಲೆ ಬರಲೇ ಇಲ್ಲ. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ, ಅದಕ್ಕಿರಬೇಕು.

ಏಳು ಗಂಟೆ ಆಪರೇಷನ್. ತೆಗೆದದ್ದು ಮೂವತ್ತೊಂದು. ಮೂತ್ರಕೋಶಕ್ಕೆ ಅಂಟಿದ್ದು ಕೈಯಲ್ಲೇ ಒಡೆಯಿತಂತೆ. ಮೈ ಎದುರು ಬಿತ್ತು, ಒತ್ತಡ ಸೊನ್ನೆಗೆ ಹೋಯಿತು. ಅರಿವಳಿಕೆ ಡಾಕ್ಟರು ಔಷಧಿ ತುಂಬಿದ ಸಿರಿಂಜು ಕೈಯಲ್ಲೇ ಹಿಡಿದು ನಿಂತಿದ್ದರು, ಅದಕ್ಕೆ ಉಳಿದಳು. ಸರ್ಜನ್ ಇದನ್ನೆಲ್ಲ ಹೇಳಿದ್ದು ಭಾಮೈದನಿಗೆ. ನಾನು ಎರಡು ಮಾರು ದೂರ ನಿಂತು ಕೇಳಿಸಿಕೊಂಡೆ.

ಮಾರ್ಚ್ ೧೩, ಗುರುವಾರ

ಆಸ್ಪತ್ರೆಯವರು ಪೊಲೀಸಿಗೆ ತಿಳಿಸಿದ್ದಾರೆ. ಠಾಣೆಯಲ್ಲಿ ನನ್ನ ಹೇಳಿಕೆ ಬರೆದುಕೊಂಡು, ಕರೆದಾಗ ಬಾ ಎಂದು ಬಿಟ್ಟರು. ಅವಳನ್ನು ಕೇಳಿದ್ದಕ್ಕೆ ಹೊಲಿಗೆ ಬಿಚ್ಚಲಿ, ಆಮೇಲೆ ಹೇಳುತ್ತೇನೆ ಅಂದಳಂತೆ. ವಾರ್ಡಿನೊಳಗೆ ನನ್ನನ್ನು ಬಿಡುವುದಿಲ್ಲ. ಬಾಯಿ ಊದಿದೆ, ಒಂದು ಹಲ್ಲು ಅಲ್ಲಾಡುತ್ತಿದೆ. ಮಾತಾಡಿದರೆ ನನಗೂ ಸೀಟಿ ಬರುತ್ತದೆ.

ಮಾರ್ಚ್ ೨೪, ಸೋಮವಾರ

ಅವಳೂ ಮಗಳೂ ಭಾಮೈದನ ಮನೆಯಲ್ಲಿದ್ದಾರೆ. ಸಣ್ಣ ಗುಳ್ಳೆ ಕೆಲವು ಅವಳ ಹೊಟ್ಟೆಯೊಳಗೇ ಉಳಿದಿವೆ, ಮಾತ್ರೆ ಇನ್ನೂ ಬಹಳ ಕಾಲ ನಡೆಯಬೇಕು. ದಿನಾ ಬೆಳಗ್ಗೆ ಅದನ್ನು ಕೊಟ್ಟು ಬರುತ್ತೇನೆ. ಬಾಗಿಲ ಸರಳಿನ ಸಂದಿಯಿಂದ ಮಗಳು ಕೈ ಚಾಚುತ್ತಾಳೆ, ನನ್ನ ಬೆರಳು ತಾಗದ ಹಾಗೆ ಪೊಟ್ಟಣದ ತುದಿ ಹಿಡಿದು ಎಳೆದುಕೊಳ್ಳುತ್ತಾಳೆ.

ಇಂದು ಅವಳೇ ಬಂದಳು. ಗೋಡೆ ಹಿಡಿದು, ಸ್ವಲ್ಪ ಬಗ್ಗಿ. ಒಳಗೆ ಬರಲೇ ಎಂದು ಕೇಳಿದೆ. ಅಲ್ಲೇ ನಿಲ್ಲಿ ಅಂದಳು. ನಿಂತೆ. ನಾಳೆ ಠಾಣೆಗೆ ಹೋಗುತ್ತಿದ್ದೇನೆ ಅಂದಳು.

‘ಒದ್ದದ್ದು ನನಗೆ ನೆನಪಿದೆ, ಅದನ್ನ ನಾನು ಹೇಳ್ತೀನಿ. ಕಣ್ಣು ಕತ್ತಲೆ ಬಂದ ಮೇಲೆ ಏನಾಯ್ತು ಅಂತ ಗೊತ್ತಿಲ್ಲ. ಮಗಳನ್ನ ಕೇಳಿದ್ರೆ ಅಳ್ತಾಳೆ. ನೀವು ಬರೆದು ಕೊಡಿ. ನಾಳೆ ಮಾತ್ರೆ ಜೊತೆ ತನ್ನಿ.’

ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಕೇಳಿದ ಮೊದಲ ವಸ್ತು ಇದು. ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು. ಈ ಹಾಳೆಯನ್ನೇ ಕಿತ್ತು ಕೊಡುತ್ತೇನೆ.

ಊಟ ತಡವಾಗಿತ್ತು. ಬೇರೆ ಕಾರಣವಿರಲಿಲ್ಲ. ಒದ್ದೆ. ನೀನು ಗೋಡೆ ಹಿಡಿದುಕೊಂಡು ಜಾರಿ ಕೂತೆ. ಮೈ ಕೆರೆದುಕೊಳ್ಳಲು ಶುರು ಮಾಡಿದೆ. ತುಟಿ ಊದಿತು. ನಾಟಕ ಸಾಕು ಅಂದೆ. ನೀನು ಏನೋ ಹೇಳಲು ಬಾಯಿ ತೆರೆದೆ, ಉಸಿರು ಮಾತ್ರ ಬಂತು, ಬಿದ್ದೆ. ಒಂದು ಬಕೆಟ್ ನೀರು ತಂದು ಮುಖಕ್ಕೆ ಸುರಿದೆ. ಏಳಲಿಲ್ಲ. ಮಗಳು ನಿನ್ನ ಹೊಟ್ಟೆಯ ಮೇಲೆ ಬಿದ್ದು ತಬ್ಬಿಕೊಂಡಿದ್ದಳು, ಆರು ವರ್ಷದವಳು. ಯಾರನ್ನೂ ಕೂಗಲಿಲ್ಲ. ನಿಮ್ಮಿಬ್ಬರನ್ನೂ ದಾಟಿಕೊಂಡು ಹಿತ್ತಲಿಗೆ ಹೋದೆ. ಚೀಲದಲ್ಲಿ ಅಂದಿನ ಈಲಿ ಇತ್ತು, ಗುಳ್ಳೆಗಳಿದ್ದದ್ದು. ಸಾಹುಕಾರ ಬಾಲ ಬಡಿಯುತ್ತ ಬಂದ. ಒಂದೊಂದೇ ತುಂಡು ಕೈಯಿಂದ ತಿನ್ನಿಸಿದೆ. ಅವನು ತಿಂದು ಮುಗಿಸುವವರೆಗೂ ಪಕ್ಕದಲ್ಲೇ ಕೂತು ತಲೆ ಸವರುತ್ತಿದ್ದೆ.